ಬೆಟ್ಟ ತುರಿದ ವರ್ಷ

ಹೋದ ವರ್ಷ ತಿಪಟೂರಿನಿಂದ ಹೆಂಗಸರದೇ ಒಂದು ಪ್ರವಾಸದ ಗುಂಪು ಬದರಿಗೆ ಹೊರಟಿತ್ತು. ನಾನೂ ಸೇರಿಕೊಂಡೆ. ದರ್ಶನ ಮುಗಿಸಿ ಹೊರಗೆ ಬಂದು ನಿಂತಾಗ ಮೋಡ ಸರಿದು ನೀಲಕಂಠ ಶಿಖರ ಕಾಣಿಸಿತು. ಮೂರು ಕಡೆಯಿಂದ ಬಗೆದು ಬಗೆದು ನಡುವೆ ಒಂದು ಮೊನೆ ಮಾತ್ರ ಉಳಿಸಿದ ಹಾಗಿತ್ತು. ಇತ್ತ ಅಗಲವಾದ ಕಣಿವೆ. ಅದರ ಎರಡೂ ಪಕ್ಕ ಗೋಡೆಯಂತೆ ಕಡಿದಾಗಿದ್ದರೂ ತಳ ಮಾತ್ರ ಗುಂಡಗೆ, ನುಣ್ಣಗೆ. ಜೊತೆಗಿದ್ದವರೆಲ್ಲ ಕೈಮುಗಿದರು. ನಮ್ಮನ್ನು ಕರೆದುಕೊಂಡು ಬಂದಿದ್ದ ಹುಡುಗ, ಈ ಕಣಿವೆಯನ್ನೆಲ್ಲ ಕೊರೆದದ್ದು ಅಲಕನಂದಾ ನದಿ ಎಂದು ಹಿಂದಿಯಲ್ಲಿ ಹೇಳಿದ.

"ನದಿ ಅಲ್ಲ ಕಣಯ್ಯ, ಹಿಮ!" ಎಂದೆ. ಹೇಳಿದ್ದಲ್ಲ, ಕೂಗಿದ್ದು. "ನದಿ ಕತ್ತಿ ಇದ್ದಂಗೆ, ಹಿಮ ತುರಿಮಣೆ ಇದ್ದಂಗೆ. ಕತ್ತೀಲಿ ಕುಯ್ದರೆ ತಳ ಇಷ್ಟು ಗುಂಡಗೆ ಬತ್ತದಾ?"

ಪಾಪ, ಆ ಹುಡುಗನಿಗೆ ಕನ್ನಡ ಬಾರದು. ನಮ್ಮವರು ಬಿದ್ದು ಬಿದ್ದು ನಕ್ಕರು. "ಬದರಿಗೆ ಬಂದ್ರೂ ಇವರಿಗೆ ಕಾಯಿದೇ ಧ್ಯಾನ ಕಣ್ರೀ" ಎಂದರು ಪಕ್ಕದ ಮನೆಯ ಸರೋಜಮ್ಮ. ನನಗೆ ನಗು ಬರಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಭಕ್ತಿ ಅಂದುಕೊಂಡು ಸರೋಜಮ್ಮ ನನ್ನ ಬೆನ್ನು ಸವರಿದರು. ಭಕ್ತಿಯಲ್ಲ, ಸಿಟ್ಟು. ನಲವತ್ತು ವರ್ಷಕ್ಕೂ ಮೀರಿದ ಸಿಟ್ಟು, ಅಷ್ಟು ಚಳಿಯಲ್ಲೂ ಬಿಸಿಯಾಗಿಯೇ ಇತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ದಬ್ಬೇಘಟ್ಟದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸಿನಲ್ಲಿದ್ದೆ. ಊರಿನ ಹೆಸರು ಬೇಡ, ಸ್ಕೂಲಿನ ಹೆಸರೂ ಬೇಡ. ಈಗ ಅಲ್ಲಿ ಓದುವ ಮಕ್ಕಳಿಗೆ ಇದರಲ್ಲಿ ಯಾವ ಪಾಲೂ ಇಲ್ಲ. ನಮ್ಮ ತೋಟ ಕೆರೆಯ ಚಾನೆಲ್ಲಿನ ಕೊನೆಯಲ್ಲಿತ್ತು. ನೀರು ಬಂದ ವರ್ಷ ಒಂದಷ್ಟು ಭತ್ತ, ಬಾರದ ವರ್ಷ ರಾಗಿ, ಎರಡೂ ಕಾಲದಲ್ಲಿ ತೆಂಗು. ಅಪ್ಪ ನನಗೆ ಒಂದೇ ಮಾತು ಹೇಳಿದ್ದ: "ಪಾಸಾದ್ರೆ ತಿಪಟೂರಿನ ಕಾಲೇಜಿಗೆ ಸೇರಿಸ್ತೀನಿ, ನಿಮ್ಮ ಸೋದರಮಾವನ ಮನೇಲಿದ್ದು ಓದು. ಫೇಲಾದ್ರೆ ಇನ್ನೊಂದು ಸಲ ಕಟ್ಟೋದು ಗಿಟ್ಟೋದು ಇಲ್ಲ." ಅಪ್ಪ ಕೆಟ್ಟವನಲ್ಲ. ಆದರೆ ಅವನ ಒಂದು ಮಾತಿಗೆ ಎರಡನೆಯ ಮಾತು ಇರುತ್ತಿರಲಿಲ್ಲ. ನಮ್ಮೂರಿನಲ್ಲಿ ಅಲ್ಲಿಯವರೆಗೆ ಹತ್ತನೆಯದು ದಾಟಿ ಓದಿದ ಹುಡುಗಿಯೇ ಇರಲಿಲ್ಲ. ಮೊದಲನೆಯವಳು ನಾನಾಗಬೇಕು ಎಂದು ಹಟ ಹಿಡಿದಿದ್ದೆ.

ಸಮಾಜ ಪಾಠಕ್ಕೆ ಬರುತ್ತಿದ್ದವರು ಚನ್ನಬಸವಯ್ಯ ಮೇಷ್ಟ್ರು. ತೆಳ್ಳಗೆ, ಕಪ್ಪಗೆ, ಗಡುಸು ದನಿಯ ಮನುಷ್ಯ. ಅವರಿಗೂ ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಕಾರ್ತಿಕ ಕಳೆದು ಚಳಿ ಹತ್ತಿದ ಕಾಲ. ಒಂದು ಬೆಳಗ್ಗೆ ಅವರು ಹಿಮನದಿಯ ಪಾಠ ತೆಗೆದರು. ಪುಸ್ತಕ ನೋಡಿಕೊಂಡು, "ಹಿಮನದಿಯು ಪರ್ವತಗಳನ್ನು ಕೊರೆದು ಕಣಿವೆಗಳನ್ನು ನಿರ್ಮಿಸುತ್ತದೆ" ಎಂದು ಓದಿದರು. ನಾನು ಎದ್ದು ನಿಂತೆ.

"ಸಾರ್, ಐಸು ಕಲ್ಲಿಗಿಂತ ಮೆತ್ತಗಲ್ವಾ? ಕ್ಯಾಂಡಿ ಹಲ್ಲಿಗೇ ಮುರೀತದೆ. ಅದು ಹೆಂಗೆ ಸಾರ್ ಬೆಟ್ಟ ಕೊರೀತದೆ?"

ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. "ಕೂತ್ಕೋ ಗಂಗಾ, ಪುಸ್ತಕದಲ್ಲಿದೆ" ಎಂದರು. ಪುಸ್ತಕದಲ್ಲಿ ಕೊರೆಯುತ್ತದೆ ಎಂದಿತ್ತೇ ಹೊರತು ಹೇಗೆ ಎಂದು ಇರಲಿಲ್ಲ. ಅದನ್ನು ಅವರೂ ಆಗಲೇ ನೋಡಿದರು ಅಂತ ಕಾಣುತ್ತದೆ. ಪುಸ್ತಕ ಮುಚ್ಚಿದರು. ಆಮೇಲೆ ಎಷ್ಟೋ ದಿನ ಆ ಪಾಠದ ತಂಟೆಗೇ ಹೋಗದೆ ಗ್ರಾಮ ಪಂಚಾಯಿತಿಯ ಪಾಠ ಮಾಡಿದರು. ನನ್ನ ಮೇಲೆ ಸಿಟ್ಟಾಗಿದ್ದಾರೆ ಅಂದುಕೊಂಡಿದ್ದೆ.

ಒಂದು ಶನಿವಾರ ಮಂಜು ಇನ್ನೂ ಬಿಟ್ಟಿರಲಿಲ್ಲ, ತಿಪಟೂರಿನ ಬಸ್ಸು ಬಂದು ನಿಂತಿತು. ಒಳಗಿನಿಂದ ಕಂಡಕ್ಟರನ ಬೈಗುಳ ಕೇಳಿಸುತ್ತಿತ್ತು. "ಏನ್ ಮೇಷ್ಟ್ರೇ ಇದು, ನಿಮ್ಮ ಗಂಟು ಬಸ್ಸು ತುಂಬಾ ಉಚ್ಚೆ ಹುಯ್ಕೊಂಡು ಬಂತಲ್ರೀ!" ಚನ್ನಬಸವಯ್ಯನವರು ಹೆಗಲ ಮೇಲೆ ಒಂದು ಗೋಣಿಚೀಲ ಹೊತ್ತು ಇಳಿದರು. ಅಂಗಿ, ಪಂಚೆ ಒಂದು ಪಕ್ಕ ಪೂರಾ ನೆನೆದಿತ್ತು. ಹಿಂದಿನ ಸಂಜೆಯೇ ಹೋಗಿ, ಐಸ್ ಫ್ಯಾಕ್ಟರಿಯವನಿಗೆ ದುಂಬಾಲು ಬಿದ್ದು, ಎರಡು ಗಡ್ಡೆ ಮಾಡಿಸಿಕೊಂಡು ಬಂದಿದ್ದರು. ಒಂದು ಬರೀ ನೀರಿನದು. ಇನ್ನೊಂದರ ನೀರಿಗೆ ನಮ್ಮ ಹಳ್ಳದ ಮರಳು, ಜಲ್ಲಿ ಸುರಿಸಿದ್ದರು. ಮರದ ಹೊಟ್ಟಿನಲ್ಲಿ ಹುದುಗಿಸಿ ತಂದರೂ ಊರು ಮುಟ್ಟುವ ಹೊತ್ತಿಗೆ ಎರಡೂ ಕರಗಿ ಅರ್ಧ ಆಗಿದ್ದವು.

ಬೋರ್ಡಿನ ಮುಂದೆ ಒಂದು ಬಳಪದ ಕಲ್ಲಿನ ಚಪ್ಪಡಿ ಇಟ್ಟು ಬರೀ ನೀರಿನ ಗಡ್ಡೆಯಿಂದ ಉಜ್ಜಿದರು. ಕಲ್ಲು ಒದ್ದೆಯಾಯಿತು, ಅಷ್ಟೇ. ಆಮೇಲೆ ಜಲ್ಲಿಯ ಗಡ್ಡೆ ಎತ್ತಿಕೊಂಡು, ಮೈಭಾರ ಬಿಟ್ಟು ಒತ್ತಿ ಎಳೆದರು. ಕರಕರ ಅಂದಿತು. ಕಲ್ಲಿನ ಮೇಲೆ ಉದ್ದಕ್ಕೂ ಬಿಳೀ ಗೀರುಗಳು, ಎಲ್ಲವೂ ಒಂದೇ ದಿಕ್ಕಿಗೆ.

"ಈಗ ಹೇಳ್ರೀ. ಕೊರೆದದ್ದು ಯಾವುದು?"

"ಜಲ್ಲಿ ಸಾರ್."

"ಜಲ್ಲಿಯನ್ನ ಹಿಡಿದುಕೊಂಡದ್ದು?"

"ಐಸು."

"ಒತ್ತಿದ್ದು ನಾನು. ಅಲ್ಲಿ ಒತ್ತೋದೂ ಹಿಮವೇ. ಒಂದು ತೆಂಗಿನ ಮರದ ಮೇಲೆ ಇನ್ನೊಂದು, ಅದರ ಮೇಲೆ ಇನ್ನೊಂದು ನಿಲ್ಲಿಸಿದರೆ ಎಷ್ಟಾಗುತ್ತೋ ಅಷ್ಟು ದಪ್ಪ. ಆ ಭಾರವೆಲ್ಲ ತಳದಲ್ಲಿರೋ ಕಲ್ಲಿನ ಮೇಲೆ. ಇಳಿಜಾರಿನಲ್ಲಿ ತನ್ನ ಭಾರಕ್ಕೆ ತಾನೇ ಜಾರುತ್ತೆ, ಜಾರ್ತಾ ಜಾರ್ತಾ ಬೆಟ್ಟಾನ ತುರಿಯುತ್ತೆ."

"ಆ ಕಲ್ಲು ಎಲ್ಲಿಂದ ಬತ್ತದೆ ಸಾರ್?" ಕೇಳಿದವಳು ನಾನೇ.

"ಬೆಟ್ಟದ್ದೇ. ಬಿರುಕಿನೊಳಕ್ಕೆ ನೀರು ಇಳಿದು ಹೆಪ್ಪುಗಟ್ಟಿದರೆ ಉಬ್ಬುತ್ತೆ, ಬಂಡೆ ಸಿಡಿಯುತ್ತೆ. ಸಿಡಿದ ಚೂರನ್ನ ಹಿಮ ಕಿತ್ಕೊಂಡು ಹೋಗುತ್ತೆ. ಬೆಟ್ಟದ ಕಲ್ಲನ್ನ ಹಲ್ಲು ಮಾಡ್ಕೊಂಡು ಬೆಟ್ಟಾನೇ ತಿನ್ನುತ್ತೆ."

ಹಿಂದಿನ ಬೆಂಚಿನ ಮಂಜ, ಹಿಮ ನಡೆಯುವುದು ಕಣ್ಣಿಗೆ ಕಾಣುತ್ತದಾ ಎಂದು ಕೇಳಿದ. ಮೇಷ್ಟ್ರು ಅವನನ್ನೇ ತಿರುಗಿ ಕೇಳಿದರು: "ನಿಮ್ಮ ಮನೆ ಅಟ್ಟದ ಮೇಲೆ ಕಾಯಿ ಹಾಕಿದ್ದೀರಲ್ಲ, ಅದರೊಳಗಿನ ನೀರು ಇಂಗೋದನ್ನ ಯಾವತ್ತಾದ್ರೂ ನೋಡಿದ್ದೀಯೇನ್ಲಾ?" ಇಲ್ಲ ಎಂದ. "ವರ್ಷ ಆದಮೇಲೆ ಅಲ್ಲಾಡಿಸಿದರೆ?" "ಒಳಗೆ ಕೊಬ್ಬರಿ ಲೊಟಲೊಟ ಅಂತದೆ ಸಾರ್." "ಅದೂ ಹಂಗೇ. ನಡೀತಾ ಇರೋದು ಕಾಣಲ್ಲ, ನಡೆದದ್ದು ಕಾಣುತ್ತೆ." ನಾನು ಆಮೇಲೆ ಎಷ್ಟೋ ದೊಡ್ಡ ದೊಡ್ಡವರ ಪಾಠ ಕೇಳಿದ್ದೇನೆ. ಇಷ್ಟು ಚೆನ್ನಾಗಿ ಹೇಳಿದವರನ್ನು ಕಾಣೆ.

ಸೋಮವಾರ ಎಲ್ಲರೂ ಒಂದೊಂದು ಹೋಳು ತೆಂಗಿನಕಾಯಿ ತರಬೇಕು, ಹತ್ತಿರದ ಮನೆಯವರು ತುರಿಮಣೆಯನ್ನೂ ತರಬೇಕು ಎಂದರು. ನನ್ನ ಅವ್ವ, "ಸ್ಕೂಲಿಗೆ ತುರಿಮಣೆ ಯಾಕೆ, ಅಲ್ಲೇನು ಬೀಗರೂಟನಾ?" ಎಂದು ರೇಗಿದಳು. ಆದರೂ ಕೊಟ್ಟಳು.

ಮೇಷ್ಟ್ರು ಮೊದಲು ಕತ್ತಿಯಿಂದ ಹೋಳಿನ ಒಳಗೆ ಒಂದು ಸೀಳು ಹಾಕಿಸಿದರು. ಮೇಲೆ ಅಗಲ, ತಳ ಚೂಪು. ನದಿ ಕೊರೆದ ಕಣಿವೆ ಹೀಗಿರುತ್ತೆ ಎಂದರು. ಆಮೇಲೆ ಅದೇ ಸೀಳನ್ನು ತುರಿಮಣೆಯ ಹಲ್ಲಿಗೆ ಕೊಟ್ಟು ತುರಿಯಿರಿ ಎಂದರು. ಹುಡುಗಿಯರು ಕೂತೆವು, ಹುಡುಗರೂ ನಾಚಿಕೊಂಡು ಕೂತರು. ಮಂಜ ಮಾತ್ರ ಕೈಕಟ್ಟಿ ನಿಂತ.

"ನಾ ಕೂರಕಿಲ್ಲ ಸಾರ್. ಇದು ಹೆಂಗಸ್ರ ಕೆಲ್ಸ."

"ಹಿಮಾಲಯದಲ್ಲಿ ಆಗಿರೋ ಕೆಲ್ಸ ಕಣ್ಲಾ ಇದು. ಕೂತ್ಕಳೋ!"

ಮಂಜ ಕೂತ. ಗಂಡು ಹುಡುಗರು ತುರಿಮಣೆಯ ಮೇಲೆ ಕೂತದ್ದನ್ನು ಕಿಟಕಿಯಿಂದ ನೋಡಿದವರು ಊರೆಲ್ಲ ಡಂಗುರ ಹೊಡೆದರು. ಸೀಳು ನೋಡುತ್ತಾ ನೋಡುತ್ತಾ ಅಗಲವಾಯಿತು, ತಳ ಗುಂಡಗಾಯಿತು, ಪಕ್ಕಗಳು ಕಡಿದಾದವು. ನಮ್ಮ ನಮ್ಮ ಕೈಯಲ್ಲೇ ಒಂದೊಂದು ಹಿಮಾಲಯದ ಕಣಿವೆ! ಮಧ್ಯಾಹ್ನ ಮೇಷ್ಟ್ರು ಕೆರೆ ಅಂಗಳಕ್ಕೆ ಕರೆದುಕೊಂಡು ಹೋಗಿ ಹಸಿ ಮಣ್ಣಿನ ಗುಡ್ಡೆ ಮಾಡಿಸಿದರು. ಖಾಲಿ ಚಿಪ್ಪಿನಿಂದ ಅದನ್ನು ಮೂರು ಕಡೆ ಬಗೆಯಿರಿ ಎಂದರು. ಬಗೆದ ಕಡೆ ಅರ್ಧ ಬಟ್ಟಲಿನಂಥ ಗುಳಿ, ಗುಳಿಗೂ ಗುಳಿಗೂ ನಡುವೆ ತೆಳ್ಳನೆಯ ಏಣು, ಮೂರೂ ಏಣು ಕೂಡುವಲ್ಲಿ ಒಂದು ಮೊನೆ. "ಬೆಟ್ಟದ ತುದಿ ಚೂಪಾಗಿರೋದು ಅದು ಬೆಳೆದದ್ದಕ್ಕಲ್ಲ ಕಣ್ರೋ, ಕಳಕೊಂಡದ್ದಕ್ಕೆ" ಎಂದರು. ತುರಿದ ಕಾಯನ್ನೆಲ್ಲ ಹೆಡ್‌ಮೇಷ್ಟ್ರು ಕೋಸಂಬರಿ ಮಾಡಿಸಿ ತಿಂದರು. ಅವರ ಈ ಒಂದು ಕೆಲಸದ ಮೇಲೆ ಮಾತ್ರ ನನಗೆ ಸಿಟ್ಟಿಲ್ಲ.

ಬೇಸಿಗೆ ಬಂತು. ಪರೀಕ್ಷೆಗೆ ತುರುವೇಕೆರೆ ಸೆಂಟರಿಗೆ ಹೋದೆವು. ಸಮಾಜದ ಪೇಪರ್ ಬಿಡಿಸಿದರೆ, "ಹಿಮನದಿಗಳು ಪರ್ವತಗಳನ್ನು ಹೇಗೆ ರೂಪಿಸುತ್ತವೆ? ವಿವರಿಸಿ" ಎಂದು ಕೇಳಿದ್ದರು. ಕೊಠಡಿಯಲ್ಲಿ ನಮ್ಮ ಸ್ಕೂಲಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಬರೆದೆವು ನೋಡಿ! ನಾನು ಕತ್ತಿ, ತುರಿಮಣೆ, ಸೀಳು ಎಲ್ಲ ಬರೆದು ಚಿತ್ರ ಹಾಕಿದೆ. ಒಬ್ಬಳು ಅಟ್ಟದ ಕಾಯಿಯಿಂದ ಶುರು ಮಾಡಿದ್ದಳು. ಮಂಜ, "ಹಿಮ ಕರಗಿದ ಮೇಲೆ ತುರಿದದ್ದನ್ನೆಲ್ಲ ಅಲ್ಲೇ ಗುಡ್ಡೆ ಹಾಕಿ ಹೋಗುತ್ತದೆ, ಆದರೆ ಅದು ಕೋಸಂಬರಿಗೆ ಬರುವುದಿಲ್ಲ" ಎಂದು ಬರೆದೆ ಅಂತ ಹೊರಗೆ ಬಂದು ಕುಣಿದ. ಒಬ್ಬರದು ಇದ್ದ ಹಾಗೆ ಇನ್ನೊಬ್ಬರದು ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಇದನ್ನು ನೋಡಬೇಕಾದವರು ಯಾರೂ ನೋಡಲಿಲ್ಲ.

ರಿಸಲ್ಟು ಪೇಪರಿನಲ್ಲಿ ಬಂದ ದಿನ ಅಪ್ಪ ಬಸ್ ಸ್ಟ್ಯಾಂಡಿನಲ್ಲೇ ಕಾದಿದ್ದು ತಂದ. ನಮ್ಮ ನಂಬರುಗಳು ಇರಬೇಕಾದ ಕಡೆ ಒಂದೂ ಇರಲಿಲ್ಲ. ನನ್ನದೂ ಇಲ್ಲ, ಮಂಜನದೂ ಇಲ್ಲ, ಯಾರದೂ ಇಲ್ಲ. "ಇಡೀ ಸ್ಕೂಲೇ ಡುಮ್ಕಿ ಹೊಡೀತಲ್ಲಪ್ಪೋ" ಎಂದು ಅರಳಿಕಟ್ಟೆಯಲ್ಲಿ ನಗುವವರು ನಕ್ಕರು. ಅಪ್ಪ ಪೇಪರನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ತೋಟಕ್ಕೆ ಹೋದ. ಅವ್ವ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೂರ್ನಾಲ್ಕು ದಿನದಲ್ಲಿ ಸಂಗತಿ ಗೊತ್ತಾಯಿತು. ನಾವು ಫೇಲಾಗಿರಲಿಲ್ಲ. ರಿಸಲ್ಟ್ ತಡೆಹಿಡಿದಿದ್ದರು. ತುಮಕೂರಿಗೆ ಹೋಗಿ ವಿಚಾರಿಸಿಕೊಂಡು ಬಂದ ಹೆಡ್‌ಮೇಷ್ಟ್ರು ನಮ್ಮನ್ನೆಲ್ಲ ಸ್ಕೂಲಿನ ಜಗಲಿಯಲ್ಲಿ ನಿಲ್ಲಿಸಿದರು. "ಹಿಮನದಿಗೆ ಎಲ್ಲರೂ ಕಾಯಿ ಬರೆದಿದ್ದೀರಂತಲ್ರೋ! ಪುಸ್ತಕದಲ್ಲಿ ಕಾಯಿ ಎಲ್ಲಿದೆ? ಪುಸ್ತಕದಲ್ಲಿ ಇಲ್ಲದ್ದು ಅಷ್ಟೂ ಜನದ ತಲೆಗೆ ಒಟ್ಟಿಗೆ ಹೆಂಗೆ ಬಂತು ಅಂತ ಕೇಳ್ತಿದಾರೆ. ಯಾರೋ ಹೊರಗಿಂದ ಉತ್ತರ ಹೇಳಿಕೊಟ್ಟಿರಬೇಕು, ಸಾಮೂಹಿಕ ನಕಲು ಅಂತ ಕೇಸಾಗಿದೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನಕಲು ಮಾಡಿದವರು ಪುಸ್ತಕದಲ್ಲಿ ಇರುವುದನ್ನು ಬರೆಯುತ್ತಾರೋ, ಇಲ್ಲದ್ದನ್ನೋ? ಆ ಪೇಪರ್ ತಿದ್ದಿದ ಪುಣ್ಯಾತ್ಮ ಎಲ್ಲಿಯವನೋ ಏನೋ, ಅವನ ಮನೆಯಲ್ಲಿ ಒಂದು ದಿನಕ್ಕೂ ಕಾಯಿ ತುರಿದಿರಲಿಲ್ಲವೇ? ತಾನು ತಿನ್ನುವ ಚಟ್ನಿ ಎಲ್ಲಿಂದ ಬರುತ್ತದೆ ಎಂದು ತಿಳಿಯದವನು ನಮ್ಮ ಹಣೆಬರಹ ಬರೆಯಲು ಕೂತಿದ್ದ. ಇವತ್ತಿಗೂ ಅವನು ಕೈಗೆ ಸಿಕ್ಕಿದರೆ ತುರಿಮಣೆಯ ಮೇಲೆ ಕೂರಿಸುತ್ತೇನೆ.

ಮುಂಗಾರು ಹಿಡಿಯಿತು. ಚನ್ನಬಸವಯ್ಯ ಮೇಷ್ಟ್ರು ತುಮಕೂರಿನ ಆಫೀಸಿಗೆ ಎರಡು ಸಲ ಹೋಗಿ ಬಂದರು. ಐಸಿನ ಕಥೆ, ತುರಿಮಣೆಯ ಕಥೆ ಎಲ್ಲ ಹೇಳಿದರಂತೆ. ಅಲ್ಲಿದ್ದವರು ನಕ್ಕರಂತೆ. ತಿಪಟೂರಿನಿಂದ ಸೋದರಮಾವ ಹೇಳಿ ಕಳಿಸಿದ: ಕಾಲೇಜಿನಲ್ಲಿ ಸೀಟು ಹಿಡಿದಿಟ್ಟಿದ್ದಾರೆ, ಆದರೆ ಈ ತಿಂಗಳು ದಾಟಿದರೆ ಕೊಡುವುದಿಲ್ಲ. ಅಪ್ಪ ಕೇಳಿಸಿಕೊಂಡು ಗುದ್ದಲಿ ಎತ್ತಿಕೊಂಡು ಹೊರಟ. ಅವನ ಮಾತು ಪಾಸು ಫೇಲಿನದು. ತಡೆಹಿಡಿದದ್ದಕ್ಕೆ ಏನು ಮಾಡಬೇಕೆಂದು ಅವನಿಗೂ ತಿಳಿಯದು. ನಾನು ಸೋನೆಯಲ್ಲಿ ನೆನೆಯುತ್ತಾ ಸೌದೆ ಒಟ್ಟಿದೆ, ಕೊಟ್ಟಿಗೆ ಬಾಚಿದೆ, ಸಿಕ್ಕಸಿಕ್ಕವರ ಮೇಲೆ ಹರಿಹಾಯ್ದೆ. ಬಡವನ ಸಿಟ್ಟು ದವಡೆಗೆ ಮೂಲ ಎಂದು ಅವ್ವ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು.

ದಾರಿ ಕಂಡುಹಿಡಿದವರು ಹೆಡ್‌ಮೇಷ್ಟ್ರು. ತಿಪ್ಪೆ ಸಾರಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆಫೀಸಿನ ಗುಮಾಸ್ತರೊಬ್ಬರು ಅವರ ಕಿವಿಯಲ್ಲಿ ಹೇಳಿದ್ದರಂತೆ. ಮೇಷ್ಟ್ರು ನೋಟ್ಸ್ ಬರೆಸಿ ಮಕ್ಕಳು ಅದನ್ನು ಬಾಯಿಪಾಠ ಮಾಡಿದ್ದರೆ ಉತ್ತರ ಒಂದೇ ಥರ ಬರುವುದು ಸಹಜ, ಅದು ತಪ್ಪಲ್ಲ. ವಿಚಾರಣೆಗೆ ಬರುವ ಸಾಹೇಬರ ಮುಂದೆ ಎಲ್ಲ ಮಕ್ಕಳೂ ಒಂದೇ ಥರ ಒಪ್ಪಿಸಿಬಿಟ್ಟರೆ ಕೇಸು ಖುಲಾಸೆ.

"ನಾವು ಬಾಯಿಪಾಠ ಮಾಡಿಲ್ಲ ಸಾರ್" ಎಂದೆ.

"ಈಗ ಮಾಡಿ" ಎಂದರು ಹೆಡ್‌ಮೇಷ್ಟ್ರು.

ನಾನು ಚನ್ನಬಸವಯ್ಯ ಮೇಷ್ಟ್ರ ಮುಖ ನೋಡಿದೆ. ಈಗ ರೇಗುತ್ತಾರೆ, ಈಗ ಮೇಜು ಗುದ್ದುತ್ತಾರೆ ಎಂದು ಕಾದೆ. ಅವರು ಗೋಡೆ ನೋಡುತ್ತಾ ಬಾಯಿಂದ ಹೇಳತೊಡಗಿದರು. "ಹಿಮನದಿಯ ಸವೆತದ ಕಾರ್ಯವನ್ನು ತುರಿಮಣೆಯಲ್ಲಿ ತೆಂಗಿನಕಾಯಿ ತುರಿಯುವುದಕ್ಕೆ ಹೋಲಿಸಬಹುದು. ಹಿಮನದಿಯಲ್ಲಿ ಸಿಲುಕಿದ ಶಿಲಾಚೂರುಗಳು ತುರಿಮಣೆಯ ಹಲ್ಲುಗಳಂತೆ ವರ್ತಿಸುತ್ತವೆ." ನಾವು ಹೇಳಿದೆವು. ಮತ್ತೆ ಹೇಳಿದರು. ಮತ್ತೆ ಹೇಳಿದೆವು. ಪರೀಕ್ಷೆ ಮುಗಿದು ಬೇಸಿಗೆಯೇ ಕಳೆದಿತ್ತು. ನಮಗೆ ಗೊತ್ತಿದ್ದ ಸಂಗತಿಯನ್ನು, ನಾವೇ ಕೈಯಾರೆ ತುರಿದು ಕಂಡದ್ದನ್ನು, ಹೊಂಗೆ ಮರದ ಕೆಳಗೆ ಕೂತು ಮಗ್ಗಿಯಂತೆ ಉರು ಹೊಡೆದೆವು. ಮಂಜನಿಗೆ "ವರ್ತಿಸುತ್ತವೆ" ಬಾಯಿಗೆ ಹೊರಳಲಿಲ್ಲ. ಅವನನ್ನು ಪ್ರತ್ಯೇಕ ನಿಲ್ಲಿಸಿ ಹೇಳಿಸಿದರು. ನಾನು ತುಟಿ ಅಲ್ಲಾಡಿಸಿದೆ, ಹೇಳಲಿಲ್ಲ.

ಸಾಹೇಬರು ಬಂದದ್ದು ಜಡಿಮಳೆಯ ದಿನ. ಸಫಾರಿ ಹಾಕಿದ ದಪ್ಪನೆಯ ಮನುಷ್ಯ, ಮಾತು ಮೆದು. ಬಂದೊಡನೆ ಎಳನೀರು ಕೊಟ್ಟರು. ಕುಡಿದು, ಗಂಜಿ ಬೇಕೆಂದು ಕಾಯಿ ಸೀಳಿಸಿ ತಿಂದರು. ಕೊಬ್ಬರಿ ಮಿಠಾಯಿ ತಿಂದರು. ಊಟಕ್ಕೆ ಕಾಯಿ ಒಬ್ಬಟ್ಟು ಇದೆ ಎಂದು ಕೇಳಿ ತಿಳಿದುಕೊಂಡರು. ಆಮೇಲೆ ಬಾಯಿ ಒರೆಸಿಕೊಂಡು, ಉತ್ತರದಲ್ಲಿ ತೆಂಗಿನಕಾಯಿ ಯಾಕೆ ಬಂತು ಎಂದು ವಿಚಾರಣೆ ಶುರು ಮಾಡಿದರು.

ಒಬ್ಬೊಬ್ಬರಾಗಿ ಒಳಗೆ ಕರೆದರು. ಹೆಡ್‌ಮೇಷ್ಟ್ರು, ಚನ್ನಬಸವಯ್ಯ ಮೇಷ್ಟ್ರು ಪಕ್ಕದಲ್ಲಿ ನಿಂತಿದ್ದರು. ಬಾಗಿಲ ಹೊರಗಿದ್ದ ನಮಗೆ ಎಲ್ಲ ಕೇಳಿಸುತ್ತಿತ್ತು. "ಹೋಲಿಸಬಹುದು... ವರ್ತಿಸುತ್ತವೆ." ಮುಂದಿನವರು. "ಹೋಲಿಸಬಹುದು... ವರ್ತಿಸುತ್ತವೆ." ಸಾಹೇಬರು "ಗುಡ್, ಗುಡ್" ಎನ್ನುತ್ತಿದ್ದರು. ಅಪ್ಪ ಜಗಲಿಯ ಕಂಬಕ್ಕೆ ಒರಗಿ ಕೊಡೆ ಹಿಡಿದು ನಿಂತಿದ್ದ. ನನ್ನ ಸರದಿ ಬಂತು.

"ಹಿಮನದಿ ಬಗ್ಗೆ ನೋಟ್ಸ್ ಒಪ್ಪಿಸಮ್ಮ."

"ನೋಟ್ಸ್ ಬರೆಸಿಲ್ಲ ಸಾರ್. ನಾವು ನೋಡಿದ್ವಿ."

"ಏನು ನೋಡಿದ್ರಿ? ಹಿಮಾಲಯಕ್ಕೆ ಹೋಗಿದ್ರಾ?"

"ಇಲ್ಲ ಸಾರ್. ಐಸು ಕಲ್ಲನ್ನ ಹೆಂಗೆ ಗೀರ್ತದೆ ಅಂತ ನೋಡಿದ್ವಿ. ಕಾಯಿ ತುರಿದು ನೋಡಿದ್ವಿ. ಒಬ್ಬರು ಬರೆದಂಗೆ ಇನ್ನೊಬ್ಬರು ಬರೆದಿಲ್ಲ ಸಾರ್. ನಮ್ಮ ಪೇಪರ್ ತೆಗೆದು ನೋಡಿ."

"ಪೇಪರ್ ತಂದಿಲ್ಲಮ್ಮ. ರಿಪೋರ್ಟ್ ಇದೆ." ಅವರ ಮೆದು ಮಾತು ಸ್ವಲ್ಪ ಗಡುಸಾಯಿತು. "ಅಂದ್ರೆ ಇಷ್ಟು ಹೊತ್ತು ಇವರೆಲ್ಲ ಒಪ್ಪಿಸಿದ್ದು ಸುಳ್ಳಾ? ಹೆಡ್‌ಮೇಷ್ಟ್ರೇ, ಏನಿದು?"

ಹೆಡ್‌ಮೇಷ್ಟ್ರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅಷ್ಟರಲ್ಲಿ ಚನ್ನಬಸವಯ್ಯ ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು. ನನ್ನ ಎದೆ ಉಬ್ಬಿತು. ಬಂದರಲ್ಲ, ಇನ್ನು ಇವರೇ ಹೇಳುತ್ತಾರೆ, ಬಸ್ಸಿನಲ್ಲಿ ನೆನೆದುಕೊಂಡು ಬಂದದ್ದನ್ನೆಲ್ಲ ಹೇಳುತ್ತಾರೆ ಎಂದುಕೊಂಡೆ.

"ಕ್ಷಮಿಸಬೇಕು ಸಾರ್" ಎಂದರು. "ಈ ಹುಡುಗಿ ದಡ್ಡಿ. ಎಷ್ಟು ಉರು ಹೊಡೆಸಿದ್ರೂ ತಲೆಗೆ ಹತ್ತಲ್ಲ. ನೋಟ್ಸ್ ನೆನಪಿಲ್ಲದೆ ಬಾಯಿಗೆ ಬಂದದ್ದು ಹೇಳ್ತಿದಾಳೆ."

ಸಾಹೇಬರು ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ನಕ್ಕರು. "ಹೌದಾ? ಹೋಗ್ಲಿ ಬಿಡಿ. ಎಲ್ಲ ಕ್ಲಾಸಲ್ಲೂ ಒಂದಿಬ್ಬರು ಇರ್ತಾರೆ" ಎಂದು ರಿಪೋರ್ಟಿಗೆ ಸಹಿ ಹಾಕಿದರು. ಮಕ್ಕಳಿಗೆ ಕ್ರಮವಾಗಿ ನೋಟ್ಸ್ ಬರೆಸಿ ಬಾಯಿಪಾಠ ಮಾಡಿಸುತ್ತಿರುವುದು ಮೆಚ್ಚತಕ್ಕದ್ದು, ಇನ್ನು ಮುಂದೆಯೂ ಹೀಗೆಯೇ ನಡೆಸಿಕೊಂಡು ಹೋಗಿ ಎಂದು ಎಲ್ಲರೆದುರಿಗೆ ಹೇಳಿ ಒಬ್ಬಟ್ಟಿನ ಊಟಕ್ಕೆ ಎದ್ದರು.

ನಾನು ಮಳೆಯಲ್ಲೇ ನಡೆದು ಸ್ಕೂಲಿನ ಹಿಂದಕ್ಕೆ ಹೋದೆ. ಮೇಷ್ಟ್ರು ಹಿಂದೆಯೇ ಬಂದರು.

"ನಾನು ದಡ್ಡಿನಾ ಸಾರ್?"

"ನಿನ್ನ ಸೀಟು ಹೋಗ್ತಿತ್ತು ಕಣಮ್ಮ. ಎಲ್ಲರ ರಿಸಲ್ಟೂ ಹೋಗ್ತಿತ್ತು."

"ನೀವು ಸತ್ಯ ಹೇಳಬಹುದಿತ್ತು."

"ಎರಡು ಸಲ ಹೇಳಿದೆ ಗಂಗಾ. ನಕ್ಕರು." ಕಾಲೇಜಿಗೆ ಹೋಗು, ಚೆನ್ನಾಗಿ ಓದು ಎಂದರು. ನಾನು ಉತ್ತರ ಕೊಡದೆ ಹೊರಟೆ. ಅವರ ಪ್ರೀತಿ ಆ ದಿನ ನನಗೆ ತಿಳಿಯಲಿಲ್ಲ ಎಂದೇನೂ ಹೇಳುವುದಿಲ್ಲ. ತಿಳಿಯಿತು. ತಿಳಿದೂ ಸಿಟ್ಟು ಬಂತು. ನಾನು ಕೇಳಿದ ಒಂದು ಪ್ರಶ್ನೆಗೆ ತಿಪಟೂರಿನಿಂದ ಐಸು ಹೊತ್ತು ತಂದ ಮನುಷ್ಯ, ಅದೇ ನನ್ನನ್ನು ದಡ್ಡಿ ಎಂದು ಹೇಳಿ ಉಳಿಸಬೇಕಾಗಿ ಬಂತಲ್ಲ, ಹಾಗೆ ಬರುವಂತೆ ಮಾಡಿದವರ ಮೇಲೆ ಇವತ್ತಿಗೂ ಸಿಟ್ಟು.

ರಿಸಲ್ಟು ಬಂತು. ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದೆ. ತಿಂಗಳು ಮುಗಿಯುವುದರೊಳಗೆ ಅಪ್ಪ ತಿಪಟೂರಿಗೆ ಕರೆದುಕೊಂಡು ಹೋಗಿ ಕಾಲೇಜಿಗೆ ಸೇರಿಸಿದ. ಮಂಜನೂ ಪಾಸಾದ. ಎಲ್ಲರಿಗೂ ಒಳ್ಳೆಯದೇ ಆಯಿತು ಎಂದು ಊರು ಹೇಳಿತು. ಹೆಡ್‌ಮೇಷ್ಟ್ರಿಗೆ ಹಾರ ಹಾಕಿದರು.

ದಸರಾ ರಜಕ್ಕೆ ಊರಿಗೆ ಬಂದೆ. ನನಗಿಂತ ಒಂದು ಕ್ಲಾಸು ಹಿಂದಿದ್ದ ತಂಗಿ ಕಮಲಿ ಆಗ ಹತ್ತನೆಯದರಲ್ಲಿದ್ದಳು. ಹಬ್ಬದ ಬೆಳಗ್ಗೆ ಅವ್ವ ಒಲೆಯ ಮುಂದೆ. ಕಮಲಿ ಅಡುಗೆಮನೆಯ ಬಾಗಿಲಲ್ಲಿ ತುರಿಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ಹೋಳು ಅವಳ ಕೈಯಲ್ಲಿ ಸರಸರ ತಿರುಗುತ್ತಿತ್ತು. ಕಣ್ಣು ಮುಚ್ಚಿಕೊಂಡು, ತಲೆ ಆಡಿಸುತ್ತಾ ಏನೋ ಹೇಳಿಕೊಳ್ಳುತ್ತಿದ್ದಳು. ಮಂತ್ರವೇನೋ ಅಂದುಕೊಂಡು ಹತ್ತಿರ ಹೋದೆ.

"...ತುರಿಯುವುದಕ್ಕೆ ಹೋಲಿಸಬಹುದು. ಹಿಮನದಿಯಲ್ಲಿ ಸಿಲುಕಿದ ಶಿಲಾಚೂರುಗಳು ತುರಿಮಣೆಯ ಹಲ್ಲುಗಳಂತೆ ವರ್ತಿಸುತ್ತವೆ. ಹಿಮನದಿಯ ಸವೆತದ ಕಾರ್ಯವನ್ನು..."

"ಕಮಲೀ, ಏನೇ ಅದು?"

"ಸಮಾಜ ಕಣಕ್ಕ. ಚನ್ನಬಸವಯ್ಯ ಮೇಷ್ಟ್ರು ನೋಟ್ಸ್ ಕೊಟ್ಟವ್ರೆ. ರಜ ಮುಗಿದ ತಕ್ಷಣ ಒಪ್ಪಿಸಬೇಕು."

"ಕ್ಲಾಸಿಗೆ ಐಸು ತಂದಿದ್ರಾ?"

"ಯಾವ ಐಸು?"

ಕುಕ್ಕರುಗಾಲಿನಲ್ಲಿ ಅವಳೆದುರಿಗೆ ಕೂತೆ. "ಅದಿರಲಿ. ನಿನ್ನ ಕೈಯಾಗೆ ಇರೋದು ಏನೇ?"

"ಕಾಯಿ."

"ಬಾಯಲ್ಲಿರೋದು?"

"ಹಿಮನದಿ."

"ಎರಡಕ್ಕೂ ಏನೇ ಸಂಬಂಧ?"

ಕಮಲಿ ತುರಿಯುವುದನ್ನು ನಿಲ್ಲಿಸಿದಳು. ಮೊದಲಿಂದ ಒಂದು ಸಲ ಮನಸ್ಸಿನಲ್ಲೇ ಹೇಳಿಕೊಂಡಳು, ತುಟಿ ಆಡುತ್ತಿದ್ದವು. ಆಮೇಲೆ ತಲೆಯಾಡಿಸಿದಳು.

"ಸಂಬಂಧ ಕೊಟ್ಟಿಲ್ಲ ಕಣಕ್ಕ. ಹೋಲಿಸಬಹುದು ಅಂತ ಅಷ್ಟೇ ಇರೋದು. ಐದು ಮಾರ್ಕ್ಸು."